ಎಡಕ್ಕೆ ಸುತ್ತಿದ ದಾರ

ಅಕ್ಕನಿಗೆ,

ನೀನು ಹೇಳಿದಂತೆ ನಿನ್ನ ಬಿಲ್ಲಿಗೆ ಹೊಸ ಹೆದೆ ಕಟ್ಟಿ ಈ ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದೇನೆ. ಬಾಣಗಳಿಗೆ ಗರಿಯನ್ನೂ ಹೊಸದಾಗಿ ಅಂಟಿಸಿದ್ದೇನೆ, ಬಿಸಿಲಲ್ಲಿ ಇಡಬೇಡ.

ನಿನ್ನದು ಮುಗಿಸಿ ನನ್ನ ಬಿಲ್ಲನ್ನು ಕೈಗೆತ್ತಿಕೊಂಡೆ. ಆಯ್ಕೆ ಪಂದ್ಯದ ದಿನದಿಂದ ಅದನ್ನು ಮುಟ್ಟಿರಲಿಲ್ಲ. ಹೆದೆಯ ಮೇಲೆ ಬಾಣ ಕೂರುವ ಜಾಗಕ್ಕೆ ಗುರುತಾಗಿ ದಾರ ಸುತ್ತುತ್ತೇವಲ್ಲ, ಅದು ಸಾಸಿವೆ ಕಾಳಿನಷ್ಟು ಮೇಲಿತ್ತು. ಬಾಣ ಗುರಿಯ ಕೆಳಗೆ ಹೋಗಲು ಅಷ್ಟು ಸಾಕು. ತಾನಾಗಿ ಸರಿಯುವ ದಾರವಲ್ಲ ಅದು. ಯಾರೋ ಬಿಚ್ಚಿ ಮತ್ತೆ ಸುತ್ತಿದ್ದಾರೆ. ನಾನು ಬಲಕ್ಕೆ ಸುತ್ತುತ್ತೇನೆ, ಇದು ಎಡಕ್ಕೆ ಸುತ್ತಿದೆ. ನಮ್ಮ ಮನೆಯಲ್ಲಿ ಎಡಚಿ ನೀನೊಬ್ಬಳೇ. ಅದೊಂದು ಕೆಲಸಕ್ಕಾದರೂ ಕೈ ಬದಲಿಸಬಾರದಿತ್ತೇ?

ಆ ಬೆಳಿಗ್ಗೆ ನೀನು, "ನೀನು ತಿಂಡಿ ತಿನ್ನು ಹೋಗು, ನಿನ್ನ ಹೆದೆಗೆ ನಾನೇ ಮೇಣ ಹಚ್ಚಿರ್ತೀನಿ" ಅಂದಿದ್ದೆ. ಪಂದ್ಯದಲ್ಲಿ ನನ್ನ ಬಾಣಗಳೆಲ್ಲ ಕೆಳಗೇ ಬಿದ್ದವು. ತಂಡದಲ್ಲಿ ಇದ್ದ ಒಂದೇ ಜಾಗ ನಿನಗೆ ಸಿಕ್ಕಿತು. "ಹೆದರ್ಕೊಂಡೆ ಅನ್ಸುತ್ತೆ, ಹೋಗ್ಲಿ ಬಿಡು" ಎಂದು ನೀನು ಬೆನ್ನು ಸವರಿದಾಗ ನಿನ್ನ ಹೆಗಲಿಗೇ ಒರಗಿ ಅತ್ತಿದ್ದೆ.

ಅಪ್ಪನಿಗೆ ಹೇಳಿಲ್ಲ. ಕಂಡಕಂಡವರ ಹತ್ತಿರ ನಿನ್ನನ್ನು ಹೊಗಳುತ್ತಿದ್ದಾರೆ, ಹೊಗಳಲಿ. ನನ್ನ ಮೇಣದ ಡಬ್ಬಿ ನಿನ್ನ ಚೀಲದಲ್ಲಿದೆ, ಕಳಿಸಿಕೊಡು. ಇನ್ನು ಮೇಲೆ ನಿನ್ನ ಬಿಲ್ಲು ನೀನೇ ಕಟ್ಟಿಕೋ.

ಇದನ್ನಂತೂ ಸರಿಯಾಗಿಯೇ ಕಟ್ಟಿದ್ದೇನೆ. ಆದರೂ ಈ ಪತ್ರ ಓದಿದ ಮೇಲೆ ನೀನು ಅಳತೆಪಟ್ಟಿ ಹಿಡಿಯದೆ ಇರಲಾರೆ. ಅವತ್ತು ನೀನು ಕೊಟ್ಟ ಬಿಲ್ಲನ್ನು ನಾನು ಅಳೆದೇ ನೋಡಿರಲಿಲ್ಲ.

ನಿನ್ನ ತಂಗಿ