ಕಪ್ಪು ಬಣ್ಣದ ಕೆಳಗೆ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಗುಡುಗೂ,

ಹನ್ನೊಂದು ವರ್ಷದ ಮೇಲೆ ಈ ಹೆಸರಿನಿಂದ ಕರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರವೆಲ್ಲ ಕಾಗೆಕಾಲು ಗುಬ್ಬಿಕಾಲು.

ಮತ್ತೆ ಎಲೆಕ್ಟ್ರಿಕ್ ಗಿಟಾರ್ ಕಟ್ಟಲು ಕೂತಿದ್ದೆ ಕಣೇ. ಎಲ್ಲ ಹಳೇ ಸಾಮಾನೇ. ಕತ್ತು ಒಬ್ಬ ಬಡಗಿಯ ಅಟ್ಟದ್ದು, ತಂತಿಯ ಸದ್ದು ಹಿಡಿಯುವ ಪಿಕಪ್ ರೇಡಿಯೊ ರಿಪೇರಿಯವನ ಡಬ್ಬದ್ದು, ತಂತಿ ಬಿಗಿಯುವ ಆರು ಕೀಲಿಗಳಲ್ಲಿ ಐದು ಒಂದು ಜಾತಿ, ಒಂದು ಇನ್ನೊಂದು ಜಾತಿ. ಬಾಡಿ ಗುಜರಿ ಅಂಗಡಿಯದು: ಬರೀ ಮರ, ಮೇಲೆ ಡಾಂಬರು ಬಳಿದಂತೆ ಕಪ್ಪು ಬಣ್ಣ.

ಇವತ್ತು ಬೆಳಗ್ಗೆ ಹಿತ್ತಿಲಲ್ಲಿ ಉಪ್ಪುಕಾಗದ ಹಿಡಿದು ಉಜ್ಜುತ್ತಿದ್ದೆ. ಕಪ್ಪು ಹೋಯಿತು, ಹಸಿರು ಬಂತು. ಹಸಿರೂ ಹೋಗಿ ಮರ ಕಂಡಾಗ ಅಂಚಿನಲ್ಲಿ ಕಿರುಬೆರಳ ಗಾತ್ರದ ಬಿಳಿ ಬೊಟ್ಟು. ನೋಡಿದ ಕೂಡಲೇ ಗುರುತು ಸಿಕ್ಕಿತು. ಹೆಗಲಪಟ್ಟಿಗೆ ಅಂತ ತಪ್ಪು ಜಾಗದಲ್ಲಿ ತೂತು ಕೊರೆದು ನಾನು ಅಳುತ್ತಾ ಕೂತಿದ್ದಾಗ, ನಿನ್ನ ಮುರಿದ ಡ್ರಮ್ ಕೋಲಿನ ತುಂಡಿಗೆ ಅಂಟು ಹಚ್ಚಿ ಅದರೊಳಗೆ ಬಡಿದವಳು ನೀನು. ನಾನು ಮೊದಲು ಕಟ್ಟಿದ್ದು, ಸಂಗೀತ ಶಾಲೆಯಿಂದ ಕಳುವಾಯಿತು ಅಂದಿದ್ದು ಇದೇ ಗಿಟಾರ್. ಅಲ್ಲಿ ಡ್ರಮ್ ಕಲಿಸುವ ನಿನ್ನ ಕೆಲಸ ಹೋಗಿದ್ದೂ ಇದಕ್ಕೇ.

ಕಿರುಚಿಬಿಟ್ಟೆ. ಒಳಗಿದ್ದ ಅಪ್ಪ ಓಡಿ ಬಂದರು. ಏನಾಯಿತು ಅಂತಲೂ ಕೇಳಲಿಲ್ಲ. ಆ ಬಿಳಿ ಬೊಟ್ಟು ನೋಡಿದವರೇ ಗೋಡೆ ಹಿಡಿದುಕೊಂಡು, ಅದು ಮತ್ತೆ ಮನೆಗೇ ಬಂತೇನಮ್ಮಾ ಅಂದರು.

ಆಮೇಲೆ ನನಗೆ ಎಲ್ಲ ಹೇಳಿದರು: ಪರೀಕ್ಷೆ ಹತ್ರ ಬಂದಿತ್ತು, ನೀನು ಪುಸ್ತಕ ಮುಟ್ತಿರಲಿಲ್ಲ, ನಿನ್ನ ಚೀಲದಿಂದ್ಲೇ ಬೀಗದ ಕೈ ತಗೊಂಡು ಹೋಗಿ ಗಿಟಾರ್ ತಂದು ಗುಜರಿಗೆ ಹಾಕ್ದೆ ಅಂದರು. ಪಾಪ ಆ ಹುಡುಗಿ ತಲೆಗೆ ಸುತ್ಕೊಳ್ಳುತ್ತೆ ಅಂತ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಬಾಯಿ ಬಿಡೋಕೆ ನಾಚಿಕೆ ಆಯ್ತು ಅಂದರು. ಹನ್ನೊಂದು ವರ್ಷ ನನ್ನೆದುರು ಕೂತು ಊಟ ಮಾಡಿದ್ದಾರೆ! ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಒಳಗೆ ಹೋಗಿ ಈ ಕಾಗದ ಬರೆಯಲು ಕೂತೆ.

ಶಾಲೆಯಲ್ಲಿ ಗಿಟಾರ್ ಇಟ್ಟಿದ್ದ ಕೋಣೆಯ ಬೀಗದ ಕೈ ನಮ್ಮಿಬ್ಬರ ಹತ್ತಿರ ಮಾತ್ರ ಇತ್ತಲ್ಲ. ನೀನು ಎತ್ತಿಕೊಂಡು ಹೋಗಿದ್ದನ್ನು ಯಾರೋ ಕಣ್ಣಾರೆ ಕಂಡರಂತೆ ಅಂದಾಗ ಎಲ್ಲರಂತೆ ನಾನೂ ನಂಬಿದೆ. ತಪ್ಪು ಅಪ್ಪನದು. ನಾಳೆ ಅವರೇ ಆ ಸಂಗೀತ ಶಾಲೆಗೆ ಹೋಗಿ ಪ್ರಿನ್ಸಿಪಾಲರ ಮುಂದೆ ಒಪ್ಪಿಕೊಳ್ಳುತ್ತಾರೆ. ಕಳ್ಳಿ ಅನ್ನಿಸಿಕೊಂಡ ನಿನ್ನ ಹೆಸರು ಅಲ್ಲೇ ಶುದ್ಧವಾಗಬೇಕು.

ನಿನ್ನ
ತಂತಿ

ಇನ್ನೊಂದು ಮಾತು: ಲಕೋಟೆ ಅಂಟಿಸಿ, ಮತ್ತೆ ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಪ್ರಿನ್ಸಿಪಾಲರು ಅವತ್ತು ಸಾಕ್ಷಿಯಿಲ್ಲವೆಂದು ನಿನ್ನನ್ನು ಬಿಡುವವರಿದ್ದರು. ಆ 'ಯಾರೋ' ನಾನೇ. ನೀನೇ ಕದ್ದಿದ್ದು ಅಂತ ನನಗೆ ಅಷ್ಟು ಖಾತ್ರಿಯಿತ್ತು, ಅದಕ್ಕೇ ಕಂಡೆ ಅಂದುಬಿಟ್ಟೆ. ನಾನು ಏನನ್ನೂ ಕಂಡಿರಲಿಲ್ಲ ಕಣೇ. ನಾಳೆ ಅಪ್ಪನಿಗಿಂತ ಮೊದಲು ಮಾತಾಡುವುದು ನಾನು.