ಹಳದಿಯಾಗದ ನೀರಿಗೆ ‘ಹಳದಿ’ ಎಂದು ಸಹಿ ಹಾಕಿದವನ ಮಾತು

ತಾಲ್ಲೂಕಿನ ಕುಡಿಯುವ ನೀರಿನ ಅಧಿಕಾರಿಗಳಿಗೆ,

ಮಾನ್ಯರೇ, ನಮ್ಮೂರ ನೀರಿನ ಟಾಕಿಗೆ ಹಾಕುವ ಬ್ಲೀಚಿಂಗ್ ಪುಡಿ ಮುಗಿದು ನಿನ್ನೆಗೆ ನಲವತ್ತೊಂದು ದಿನವಾಯಿತು. ಆ ನಲವತ್ತೊಂದು ದಿನವೂ ನೀರು ಶುದ್ಧವಿತ್ತೆಂದು ನಿಮ್ಮ ವಹಿ ಹೇಳುತ್ತದೆ. ಅದಕ್ಕೆ ಸಹಿ ಹಾಕಿದವನು ನಾನೇ, ಊರಿಗೆ ನೀರು ಬಿಡುವವನು.

ಆರನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ಪರೀಕ್ಷೆ ಕಲಿಸಿದವರು ನಿಮ್ಮವರೇ: ಸೀಸೆಯಲ್ಲಿ ನೀರು ಹಿಡಿದು ಔಷಧದ ಹನಿ ಬಿಡಬೇಕು; ಹಳದಿಯಾದರೆ ನೀರಿನಲ್ಲಿ ಪುಡಿ ಇದೆ, ಆಗದಿದ್ದರೆ ಇಲ್ಲ. ದಿನಾ ಬಿಡುತ್ತೇನೆ. ಆಗುತ್ತಿಲ್ಲ. ಆದರೆ ನಿಮ್ಮ ಕಚೇರಿ ಎಷ್ಟು ದಯಾಳು! ನನಗೆ ಬರೆಯುವ ತ್ರಾಸ ಬೇಡವೆಂದು ತಿಂಗಳ ಎಲ್ಲ ಸಾಲಿಗೂ ‘ಹಳದಿ’ ಎಂದು ಮೊದಲೇ ಬರೆದು ವಹಿ ಕಳಿಸುತ್ತದೆ. ಪುಡಿ ಕೇಳಿದರೆ ನಿಮ್ಮ ಸಾಹೇಬರು, “ಬರ್ತದ ತಗೋ ಮಾರಾಯಾ. ನೀ ಸಹಿ ಹೊಡಿ, ತಲಿ ಯಾಕ ಕೆಡಿಸ್ಕೋತಿ?” ಅನ್ನುತ್ತಾರೆ. ಪುಡಿ ಬರದಿದ್ದರೂ ವಹಿ ತಪ್ಪದೆ ಬರುತ್ತದೆ. ಟಾಕಿಗೆ ಅದನ್ನೇ ಹಾಕಲೇ?

ಹೋದ ವಾರ ನಳದ ಹತ್ತಿರ ಹಜರಾಬಿ ಅಕ್ಕ ಕೊಡ ಇಳಿಸಿ ಕೇಳಿದಳು: “ದೇವಿಂದ್ರಪ್ಪ, ನೀರು ಚಲೋ ಅದಾವಿಲ್ಲೋ? ಸೊಸಿಗಿ ದಿನ ತುಂಬ್ಯಾವಪಾ.”

“ಕುದಿಸಿ ಕುಡೀರಿ ಅಕ್ಕಾ,” ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ನನಗಷ್ಟೇ ಹೇಳಾಕತ್ತೀಯೋ, ಊರಿಗೆಲ್ಲಾ ಹೇಳೀಯೋ?”

ಆ ಮಾತು ತಲೆಯಿಂದ ಹೋಗುತ್ತಿಲ್ಲ ಸಾಹೇಬರೇ. ಹನ್ನೊಂದು ವರ್ಷ ಕೈ ತಪ್ಪದ ನಾನು ಈಗ ವಾಲ್ವ್ ತಿರುಗಿಸಿದೆನೋ ಇಲ್ಲವೋ ಎಂದು ನಾಲ್ಕು ಸಲ ಹೋಗಿ ನೋಡುತ್ತೇನೆ. ಹಾಗೆ ನೋಡಲು ಹೋಗಿಯೇ ಮೊನ್ನೆ ತೆರೆದದ್ದನ್ನು ಮುಚ್ಚಿ ಬಂದೆ. ಕೆಳಗಿನ ಓಣಿಗೆ ಎರಡು ದಿನ ನೀರಿಲ್ಲ. “ನಿನ್ನ ಧ್ಯಾನ ಎಲ್ಲ್ಯದ ಲೇ?” ಎಂದು ಆ ಓಣಿಯ ಗಂಗುಬಾಯಿ ಖಾಲಿ ಕೊಡ ಬಡಿದು ಕೇಳಿದಳು. ಅವಳು ಬೈದದ್ದು ಸರಿ. ಆದರೆ ನಿಮ್ಮ ನೋಟಿಸು? ಕರ್ತವ್ಯದಲ್ಲಿ ನಿರ್ಲಕ್ಷ್ಯವಂತೆ, ಕುದಿಸಿ ಕುಡೀರಿ ಅಂದದ್ದು ಜನರನ್ನು ಹೆದರಿಸಿದ್ದಂತೆ. ಈ ತಿಂಗಳ ವಹಿಗೆ ಪೂರ್ತಿ ಸಹಿ ಮಾಡಿದರೆ ಕ್ಷಮೆ, ಇಲ್ಲದಿದ್ದರೆ ಮನೆಗೆ. ಸುಳ್ಳಿಗೆ ಸಹಿ ಹಾಕುವುದೇ ಕರ್ತವ್ಯವಾದರೆ ಅದರಲ್ಲಿ ನಾನೆಂದೂ ನಿರ್ಲಕ್ಷ್ಯ ಮಾಡಿಲ್ಲವಲ್ಲ!

ಪುಡಿ ಕಳಿಸಿ. ಅದು ಬರುವತನಕ ನೀರು ಕುದಿಸಿ ಕುಡಿಯಿರಿ ಎಂದು ಡಂಗುರ ಸಾರಲು ಅಪ್ಪಣೆ ಕೊಡಿ. ವಹಿಯನ್ನು ಖಾಲಿ ಕಳಿಸಿ, ಕಂಡದ್ದನ್ನು ಬರೆಯುವಷ್ಟು ಅಕ್ಷರ ನನಗೆ ಬರುತ್ತವೆ. ಇವತ್ತಿನ ಸಾಲಿನಲ್ಲಿ ‘ಹಳದಿ’ಗೆ ಗೀಟು ಹೊಡೆದು ‘ಆಗಲಿಲ್ಲ’ ಎಂದು ಬರೆದಿದ್ದೇನೆ. ಅಕ್ಷರ ಸೊಟ್ಟಗಾಗಿವೆ. ಸಹಿ ಮಾತ್ರ ನನ್ನದೇ.

ಈಗ ಹಜರಾಬಿ ಅಕ್ಕನ ಓಣಿಯಿಂದ ಹಿಡಿದು ಮನೆಮನೆಗೆ ಹೇಳಲು ಹೊರಟಿದ್ದೇನೆ. ನಿಮ್ಮ ಅಪ್ಪಣೆ ಆಮೇಲೆ ಬಂದರೂ ನಡೆದೀತು.

ಇಂತಿ,
ಈ ಪತ್ರ ನಿಮ್ಮ ಕೈ ಸೇರುವತನಕವಾದರೂ ಊರಿಗೆ ನೀರು ಬಿಡುವ
ದೇವಿಂದ್ರಪ್ಪ