ಹಿಂದಿನ ಕೋಣೆ ಬಾಡಿಗೆಗಿಲ್ಲ

ಪ್ರೀತಿಯ ವಿಗ್ಗಕ್ಕನಿಗೆ,

ಬೀದಿಯವರೆಲ್ಲ ನಿಮ್ಮನ್ನು ಕರೆಯುವುದೇ ಹಾಗೆ, ನಾನೂ ಕರೆಯುತ್ತೇನೆ. ಮೊನ್ನೆ ಫೋನಿನಲ್ಲಿ ಕೇಳಿದಿರಿ: "ಇಂಟರ್ನೆಟ್ಟಲ್ಲಿ ಹುಡುಕಿದವರಿಗೆ ನನ್ನ ವಿಗ್ ಅಂಗಡಿ ಮೊದಲು ಕಾಣೋ ಹಾಗೆ ಮಾಡೋಕೆ ಎಷ್ಟು ಕೊಡಬೇಕಮ್ಮ? ನಿನ್ನ ಕೆಲಸಾನೂ ಅದೇ ಅಲ್ವಾ?" ನಾನು ಬಾಯಿ ತೆರೆಯುವಷ್ಟರಲ್ಲಿ, "ಒಬ್ಬ ವಾರದಲ್ಲಿ ಮೊದಲನೇ ಜಾಗ ಗ್ಯಾರಂಟಿ ಅಂದಿದಾನೆ. ಹಿಂದಿನ ಕೋಣೇನ ಫೋನ್ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟು, ಆ ಅಡ್ವಾನ್ಸು ಇವನಿಗೆ ಕೊಡ್ತೀನಿ" ಎಂದಿರಿ. ಬೇಡ ಎನ್ನಲು ಹೊರಟೆ. ಅಷ್ಟರಲ್ಲಿ ಗಿರಾಕಿ ಬಂದರೆಂದು ಫೋನ್ ಇಟ್ಟೇಬಿಟ್ಟಿರಿ. ಅದಕ್ಕೇ ಈ ಕಾಗದ.

ಮೊದಲು ಬೈಗುಳ, ಆಮೇಲೆ ಲೆಕ್ಕ. ಅಲ್ಲ ಅಕ್ಕಾ, ರಾತ್ರೋರಾತ್ರಿ ಕೂದಲು ಬೆಳೆಸುವ ಎಣ್ಣೆ ಮಾರಲು ಬಂದವನನ್ನು ಹೊಸ್ತಿಲು ದಾಟಲೂ ಬಿಡದೆ ಅಟ್ಟಿದವರು ನೀವು! ವಾರದಲ್ಲಿ ಮೊದಲ ಜಾಗ ಎನ್ನುವವನೂ ಅದೇ ಎಣ್ಣೆ ಮಾರುತ್ತಿದ್ದಾನೆ. ಯಾವ ಅಂಗಡಿ ಮೊದಲು ಕಾಣಬೇಕೆಂಬುದು ಅವನ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ.

ಬೆಲೆಯನ್ನು ನಿಮ್ಮ ಅಳತೆಯಲ್ಲೇ ಹೇಳುತ್ತೇನೆ. ನಿಮ್ಮಂತೆ ಒಂದೇ ಅಂಗಡಿ ಇರುವವರಿಗೆ ತಿಂಗಳಿಗೆ ಕೈಯಲ್ಲಿ ಹೆಣೆದ ಒಂದು ವಿಗ್ಗಿನ ಬೆಲೆ ಸಾಕು. ಮೊದಲ ತಿಂಗಳು ವೆಬ್‌ಸೈಟಿನ ರಿಪೇರಿ ಇರುತ್ತದೆ, ಆಗ ಎರಡರಷ್ಟು. ಊರೂರಿಗೆ ಶಾಖೆ ಇರುವವರು ಇದರ ಹತ್ತು ಪಟ್ಟು ಸುರಿಯುತ್ತಾರೆ, ಅವರ ಪೈಪೋಟಿಯೇ ಬೇರೆ. ತೀರಾ ಅಗ್ಗಕ್ಕೆ ಒಪ್ಪಿಕೊಳ್ಳುವವನು ಗಿರಾಕಿಗಳ ಹೆಸರಿನಲ್ಲಿ ಸುಳ್ಳು ಹೊಗಳಿಕೆ ಬರೆಸಿ ಹಾಕುತ್ತಾನೆ, ಸಿಕ್ಕಿಬಿದ್ದರೆ ಇರುವ ಜಾಗಕ್ಕೂ ಸಂಚಕಾರ. ಯಾರಿಗೇ ಕೊಡಿ, ಈ ತಿಂಗಳು ಏನೇನು ಮಾಡಿದೆ ಎಂದು ಕೂರಿಸಿಕೊಂಡು ಕೇಳಿ. ಫಲ ಕಾಣಲು ಅರ್ಧ ವರ್ಷವಾದರೂ ಬೇಕು. ಒಂದೊಂದೇ ಎಳೆ ಗಂಟು ಹಾಕುವ ನಿಮಗೆ ತಾಳ್ಮೆಯ ಪಾಠ ನಾನು ಹೇಳಬೇಕೆ?

ಇನ್ನು ಕೋಣೆಯ ಮಾತು. ಚಿಕಿತ್ಸೆಯಲ್ಲಿ ನನ್ನ ಕೂದಲೆಲ್ಲ ಉದುರಿದಾಗ ನಾನು ಫೋನಿನಲ್ಲಿ ಹುಡುಕಿದ್ದು ಒಳ್ಳೆಯ ವಿಗ್ಗನ್ನಲ್ಲ. "ಯಾರೂ ನೋಡದ ಹಾಗೆ ವಿಗ್ ಹಾಕಿ ನೋಡುವುದು ಎಲ್ಲಿ" ಎಂದು ಟೈಪ್ ಮಾಡಿದ್ದೆ. ಮೇಲೆ ಬಂದ ಅಂಗಡಿಗಳಲ್ಲೆಲ್ಲ ಗಾಜಿನ ಗೋಡೆ, ಕಣ್ಣು ಕುಕ್ಕುವ ದೀಪ. ಹುಡುಕುವುದೇ ನನ್ನ ಕಸುಬಾದ್ದರಿಂದ ಪುಟದ ಮೇಲೆ ಪುಟ ತಿರುವಿ, ಎಲ್ಲೋ ತಳದಲ್ಲಿದ್ದ ನಿಮ್ಮನ್ನು ಹಿಡಿದೆ. ನೀವು ಏನೂ ಕೇಳದೆ ಹಿಂದಿನ ಕೋಣೆಗೆ ಕರೆದೊಯ್ದು ಚಿಲಕ ಹಾಕಿದಿರಿ. ಕನ್ನಡಿಗೆ ಹಸಿರು ಬಟ್ಟೆ ಮುಚ್ಚಿತ್ತು. "ಅವಸರ ಏನಿಲ್ಲ ಕಣಮ್ಮ. ನೀನು ಹೂಂ ಅನ್ನೋವರೆಗೂ ಅದು ಹಾಗೇ ಇರುತ್ತೆ" ಎಂದಿರಿ. ನಾನು ಸ್ಕಾರ್ಫ್ ತೆಗೆದು ಬಿಕ್ಕಿ ಬಿಕ್ಕಿ ಅತ್ತೆ. ನೀವು ಬೆನ್ನು ತಿರುಗಿಸಿ, ಆಗಲೇ ಪೋಣಿಸಿದ್ದ ಸೂಜಿಗೆ ಮತ್ತೆ ದಾರ ಪೋಣಿಸುತ್ತ ನಿಂತಿರಿ. ಅವತ್ತಿನಿಂದ ನೀವೆಂದರೆ ನನಗೆ ಪ್ರಾಣ.

ನಿಮ್ಮ ವೆಬ್‌ಸೈಟಿನಲ್ಲಿ ಆ ಕೋಣೆಯ ಬಗ್ಗೆ ಒಂದಕ್ಷರವೂ ಇಲ್ಲ ಅಕ್ಕಾ. ನನ್ನಂಥವರು ಹುಡುಕುತ್ತಿರುವುದೇ ಅದನ್ನು. ಎಲ್ಲರಿಗೂ ತಳದವರೆಗೆ ಹುಡುಕುವ ತ್ರಾಣ ಇರುವುದಿಲ್ಲ. ಕೋಣೆಯನ್ನೇ ಕೊಟ್ಟು ನೀವು ಮೇಲೆ ಬಂದರೆ, ಬಂದವಳನ್ನು ಎಲ್ಲಿ ಕೂರಿಸಿ ಸ್ಕಾರ್ಫ್ ಬಿಚ್ಚಿಸುತ್ತೀರಿ?

ಫೋನ್ ರಿಪೇರಿಯವನಿಗೆ ಇಲ್ಲವೆಂದುಬಿಡಿ. ಮುಂದಿನ ವಾರ ಬಂದು, ನಿಮ್ಮ ಬಾಯಿಂದಲೇ ಕೇಳಿ, ಆ ಕೋಣೆಯ ಬಗ್ಗೆ ನಾನೇ ಬರೆಯುತ್ತೇನೆ. ಮಜೂರಿ ಎಷ್ಟೆಂದು ಕೇಳಿದಿರೋ, ಜಗಳ ಗ್ಯಾರಂಟಿ. ನನಗೀಗ ಬೆರಳುದ್ದ ಕೂದಲು ಬಂದಿದೆ. ವಿಗ್ ಹಾಕಿಕೊಳ್ಳದೆ ಬರುತ್ತೇನೆ. ಕನ್ನಡಿಯ ಬಟ್ಟೆ ತೆಗೆದಿಡಿ.

ನಿಮ್ಮ ಹೊಟ್ಟೆ ತಣ್ಣಗಿರಲಿ.

ತಳದಿಂದ ನಿಮ್ಮನ್ನು ಹುಡುಕಿಕೊಂಡ
ನಿಮ್ಮ ತಂಗಿ